ಕಾಣುವಂತೆ ಹಾಕಿದ ಹೊಲಿಗೆ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೆಬ್ಬಗೋಡಿ ಠಾಣೆಗೆ ಆರೋಗ್ಯ ನಿರೀಕ್ಷಕಿ ಜ್ಯೋತಿಲಕ್ಷ್ಮಿ ದೂರು ತಂದರು. ದೇವರಾಜನ ಮಟನ್ ಅಂಗಡಿಯಲ್ಲಿ ಹೆಣ್ಣು ಕುರಿಯನ್ನು ಟಗರೆಂದು ತೂಗುಹಾಕಿದ್ದಾರೆ; ಹೆಸರು ಹೇಳದ ಯಾರೋ ಫೋನ್ ಮಾಡಿದ್ದರಿಂದ ಹೋಗಿ ನೋಡಿ ಅಂಗಡಿಗೆ ಸೀಲ್ ಹಾಕಿದ್ದೇನೆ ಎಂದು ಅದರಲ್ಲಿತ್ತು. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ರುದ್ರೇಶ್, ಕಾನ್‌ಸ್ಟೆಬಲ್ ಶೈಲಾ ಮತ್ತು ಜ್ಯೋತಿಲಕ್ಷ್ಮಿಯವರನ್ನು ಕರೆದುಕೊಂಡು ಪಂಚನಾಮೆಗೆ ಹೋದರು. ಈ ಕಡೆ ಟಗರಿನ ಚರ್ಮ ಸುಲಿದರೂ ಗಂಡೆಂಬ ಗುರುತಿಗೆ ಬೀಜ ಹಾಗೇ ಬಿಟ್ಟಿರುತ್ತಾರೆ; ಗಿರಾಕಿ ಅದನ್ನು ನೋಡಿಯೇ ಕೊಳ್ಳುವುದು. ಕೊಕ್ಕೆಯಲ್ಲಿದ್ದ ಹೆಣ್ಣು ಕುರಿಗೆ ಯಾವುದೋ ಟಗರಿನ ಬೀಜವನ್ನು ಗೋಣಿದಾರದಿಂದ ಹೊಲಿದಿದ್ದರು.

“ಇಷ್ಟು ವರ್ಷ ನಮಗೆ ಏನೇನು ಹೊಲಿದು ತಿನ್ನಿಸ್ದೆಯೋ ದೇವರಾಜಣ್ಣ,” ಎಂದ ಹೊರಗೆ ನಿಂತ ಗಿರಾಕಿಯೊಬ್ಬ. ಜನ ನಕ್ಕರು.

ದೇವರಾಜ ಬೆವರುತ್ತಿದ್ದ. “ನಾನು ಸರಿಯಾಗಿ ನೋಡೂ ಇಲ್ಲ ಸಾರ್. ಮಾಲು ಇಳಿಸಿ ಗಾಡಿ ಹೋಯ್ತು, ಹಿಂದೇನೇ ಮೇಡಂ ಬಂದ್ರು. ಲೈಸೆನ್ಸ್ ಹೋದ್ರೆ ನನ್ನ ಕತೆ ಮುಗೀತು.”

ರುದ್ರೇಶ್ ಬಗ್ಗಿ ನೋಡಿದರು. “ಶೈಲಾ, ಮೋಸ ಮಾಡೋನು ಹೊಲಿಗೆ ಒಳಗೆ ಮುಚ್ತಾನೆ. ಇದು ರಸ್ತೆಗೇ ಕಾಣ್ತದೆ.”

“ಸಿಕ್ಕಿಬೀಳಲಿ ಅಂತಾನೇ ಹೊಲಿದ ಹಾಗಿದೆ ಸಾರ್.”

“ಕಸಾಯಿಖಾನೆಯಿಂದ ಮಾಲು ತರೋದು ಯಾರಯ್ಯಾ?”

“ನರಸಪ್ಪ ಸಾರ್,” ಎಂದ ದೇವರಾಜ. “ಎದುರಿಗೇ ಅಂಗಡಿ ಇಟ್ಟಿದ್ದ, ಮುಚ್ಚೋಯ್ತು. ಪಾಪ ಅಂತ ನಾನೇ ಗಾಡಿ ಕೆಲಸ ಕೊಟ್ಟೆ.”

“ಯಾಕೆ ಮುಚ್ತು?”

ಉತ್ತರ ಕೊಟ್ಟವರು ಜ್ಯೋತಿಲಕ್ಷ್ಮಿ: “ಹೋದ ವರ್ಷ ಅವನ ಮೇಲೂ ಇದೇ ದೂರು ಬಂದಿತ್ತು ಸಾರ್, ಹೆಣ್ಣು ಕುರಿ ಮಾರ್ತಾನೆ ಅಂತ. ಕೊಟ್ಟಿದ್ದು ಈ ದೇವರಾಜನೇ. ವಿಚಾರಣೆ ಮಾಡಿದ್ರೆ ಸುಳ್ಳು, ಹಾಕಿದ್ದ ಸೀಲ್ ತೆಗೆದ್ವಿ.”

ಚಂದಾಪುರದ ಬಾಡಿಗೆ ಮನೆಯ ಮುಂದೆ ನರಸಪ್ಪ ಗಾಡಿ ತೊಳೆಯುತ್ತಿದ್ದ. ಸೀಟಿನಡಿ ದಬ್ಬಳ, ಅದೇ ದಾರದ ಉಂಡೆ ಸಿಕ್ಕವು. ಪೊಲೀಸರನ್ನು ಕಂಡು ಅವನು ಓಡಲಿಲ್ಲ, ನಲ್ಲಿ ನಿಲ್ಲಿಸಿದ.

“ಫೋನ್ ಮಾಡಿದ್ದೂ ನೀನೇನಾ?” ರುದ್ರೇಶ್ ಕೇಳಿದರು.

“ಊಂ ಸಾರ್.”

“ನಾಳೆ ಅವನ ಅಂಗಡಿ ಸೀಲ್ ತೆಗೀತಾರೆ. ನೀನು ಒಳಗೆ ಹೋಗ್ತೀಯ. ಏನು ಸಿಕ್ತು ನಿಂಗೆ?”

ನರಸಪ್ಪ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ. “ನಂದೂ ತೆಗೆದ್ರು ಸಾರ್. ಬಾಗ್ಲು ತೆಗೆದು, ಒಳ್ಳೆ ಟಗರು ಕಡಿದು ಕುಂತೆ. ನಮ್ಮ ಬೀದಿಯೋರೇ ತಲೆ ಬಗ್ಗಿಸ್ಕಂಡು ಅವನ ಅಂಗಡಿಗೆ ಹೋಗೋರು. ಮಾಂಸ ಕಪ್ಪಾಗೋವರ್ಗೂ ಕುಂತು ನೋಡ್ದೆ.”

ಶೈಲಾ ಅವನ ಕೈಗೆ ಬೇಡಿ ತೊಡಿಸಿದಳು. ಜೀಪಿನತ್ತ ಅವನೇ ಮುಂದಾಗಿ ನಡೆದ.

“ತೆಗೀಲಿ ಬಿಡಿ ಸಾರ್,” ಎಂದ. “ಅವನೂ ಅಂಗೇ ಕುಂತು ನೋಡ್ಲಿ.”