ನೂರು ಸಲ ಮಡಿಸಿದ ಬಟ್ಟೆ

ಬಾಗಿಲು ತೆಗೆದವಳು ಅಲ್ಲೇ ನಿಂತುಬಿಟ್ಟಳು.

ಲ್ಯಾಬಿನವರೆಲ್ಲ ‘ಬಣ್ಣದ ಸಾಹೇಬ’ ಎಂದು ಕರೆಯುವ ಅವನು, ಹೊಸದಾಗಿ ಬಂದ ಮೈಕ್ರೋಸ್ಕೋಪಿನ ಹುಡುಗಿಯ ಭುಜಕ್ಕೆ ಅಳತೆಯ ಟೇಪು ಹಿಡಿದಿದ್ದ! ಆ ಹುಡುಗಿಯೋ ಕಚಗುಳಿ ಇಟ್ಟಂತೆ ನಗುತ್ತಿದ್ದಳು. ಇವಳನ್ನು ಕಂಡದ್ದೇ ತಡ, ಇಬ್ಬರೂ ದೂರ ಸರಿದರು.

"ಏನಿಲ್ಲ... ಸುಮ್ನೆ," ಎಂದ ಅವನು.

ಸುಮ್ಮನೆ ಯಾರಾದರೂ ಭುಜ ಅಳೆಯುತ್ತಾರೆಯೇ?

ಮೂರು ವರ್ಷದಿಂದ ಅವನು ಬಣ್ಣ ಕಲಸುವುದು, ಇವಳು ಅದರ ಮೇಲೆ ಎಕ್ಸ್‌ರೇ ಬಿಟ್ಟು ಎಷ್ಟು ತಡೆಯಿತು, ಎಷ್ಟು ಸೋರಿತು ಎಂದು ನೋಡುವುದು. ಮಧ್ಯಾಹ್ನ ಒಟ್ಟಿಗೆ ಊಟದ ಡಬ್ಬಿ ಬಿಚ್ಚುವುದು. ಅವನು ಏನೂ ಹೇಳಿರಲಿಲ್ಲ, ನಿಜ. ಎಲ್ಲವನ್ನೂ ಬಾಯಿಬಿಟ್ಟೇ ಹೇಳಬೇಕೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು, ಪೆದ್ದಿ!

ಮರುದಿನ ಅವನ ಹೊಸ ಬಟ್ಟೆ ಪರೀಕ್ಷೆಗೆ ಬಂತು. ಲೋಹದ ಪುಡಿ ಬೆರೆಸಿದ ಬಣ್ಣ ಬಳಿದದ್ದು; ಕಿರಣ ಮೈಗೆ ತಾಗದಂತೆ ಇವಳು ದಿನಾ ತೊಡುವ ಸೀಸದ ಏಪ್ರನ್ನಿನ ಅರ್ಧ ತೂಕವೂ ಇಲ್ಲ. ಅವನ ಎರಡು ವರ್ಷದ ದುಡಿಮೆ. ಇವಳು ‘ಪಾಸ್’ ಎಂದು ಬರೆದರೆ ಸೋಮವಾರ ಏಪ್ರನ್ ಹೊಲಿಯಲು ಹೋಗುತ್ತದೆ.

ಹೊಲಿಗೆ ಎಂದದ್ದೇ ಆ ಟೇಪು ನೆನಪಾಯಿತು. ಓಹೋ... ಅವಳಿಗೋ ಇದು?

ನಿಯಮದ ಪ್ರಕಾರ ಹತ್ತು ಸಲ ಮಡಿಸಿ ಬಿಚ್ಚಿ ನೋಡಿದರೆ ಸಾಕು. ಹತ್ತಕ್ಕೂ ಬಟ್ಟೆ ಜಗ್ಗಲಿಲ್ಲ. ಇವಳಿಗೆ ಇನ್ನೂ ಉರಿಯಿತು. ಇಪ್ಪತ್ತು... ಐವತ್ತು... ಹಲ್ಲು ಕಚ್ಚಿ ನೂರು ಸಲ ಮಡಿಸಿದಳು. ಎಕ್ಸ್‌ರೇ ಬಿಟ್ಟಾಗ ಮಡಿಕೆಯುದ್ದಕ್ಕೂ ಕೂದಲೆಳೆಯಂಥ ಗೆರೆ. ಬಣ್ಣ ಬಿರಿದು ಕಿರಣ ಸೋರುತ್ತಿತ್ತು!

‘ಫೇಲ್’ ಎಂದು ಬರೆದಳು. ಸುಳ್ಳೇನಲ್ಲ, ಅಳತೆ ಅಳತೆಯೇ.

ವರದಿ ಓದಿದ ಮೈಕ್ರೋಸ್ಕೋಪಿನ ಹುಡುಗಿ ಓಡಿ ಬಂದಳು.

"ಅಕ್ಕಾ, ಫೇಲ್ ಮಾಡ್ಬಿಟ್ರಾ? ಅದು ನಿಮ್ಮ ಏಪ್ರನ್ ಆಗ್ಬೇಕಿತ್ತು. ಸೀಸದ್ದು ಹಾಕ್ಕೊಂಡು ನಿಮ್ಮ ಭುಜ ನೋಯುತ್ತಂತೆ... ನಿಮಗೆ ಗೊತ್ತಾಗ್ಬಾರ್ದು ಅಂತ ನನ್ನ ಅಳತೆ ತಗೊಂಡ್ರು. ನಮ್ಮಿಬ್ಬರ ಮೈಕಟ್ಟು ಒಂದೇ ಅಲ್ವಾ?"

ಭುಜದ ನೋವನ್ನು ಅವನಿಗೆ ಒಂದೇ ಒಂದು ಸಲ ಹೇಳಿದ್ದಳು, ಅದೂ ಹೋದ ವರ್ಷ. ಅವನು ಮರೆತಿರಲಿಲ್ಲ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು ಇವಳಿಗೆ.

ಇವಳು ಹೋದಾಗ ಅವನು ತನ್ನ ಕೋಣೆಯಲ್ಲಿ ಆ ಬಟ್ಟೆಯನ್ನು ಮುಂದಿಟ್ಟುಕೊಂಡು ಕೂತಿದ್ದ.

"ನಿಯಮ ಹತ್ತೇ ಸಲ. ನೂರು ಸಲ ಯಾಕೆ ಮಡಿಸ್ದೆ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ಹೊಟ್ಟೆಕಿಚ್ಚಿಗೆ," ಎಂದಳು, ಕಣ್ಣು ತುಂಬಿಕೊಂಡು. "ನೀನು ಅವಳ ಭುಜ ಅಳೀತಿದ್ದೆಯಲ್ಲ... ನಿನ್ನ ಎರಡು ವರ್ಷದ ಕೆಲಸಾನೇ ಹಾಳು ಮಾಡ್ಬಿಟ್ಟೆ."

ಅವನು ಬಿರಿದ ಮಡಿಕೆಯ ಮೇಲೆ ಬೆರಳಾಡಿಸಿದ.

"ಹತ್ತಕ್ಕೇ ನಿಲ್ಲಿಸಿದ್ರೆ ನೀನಿದನ್ನ ದಿನಾ ಹಾಕ್ಕೋತಿದ್ದೆ, ಮಡಿಸಿ ಮಡಿಸಿ ಒಂದಿನ ಹೀಗೇ ಬಿರೀತಿತ್ತು. ಸೋರೋದೆಲ್ಲ ನಿನ್ನ ಮೈಗೇ..." ಅವನು ಬಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಬಣ್ಣ ಇನ್ನೊಂದ್ಸಲ ಕಲಸ್ತೀನಿ. ನಿನ್ನನ್ನ ಇನ್ನೊಂದ್ಸಲ ಎಲ್ಲಿಂದ ತರ್ಲಿ?"

ಇವಳು ಕಣ್ಣೊರೆಸಿಕೊಂಡು, ಮೇಜಿನ ಮೇಲಿದ್ದ ಟೇಪನ್ನು ತೆಗೆದು ಅವನ ಕೈಯಲ್ಲಿಟ್ಟಳು.

"ಈ ಸಲ ಅಳತೆ ನಂದೇ ತಗೋ."

"ಕೈ ನಡುಗ್ತಿದೆ ಕಣೇ. ತಪ್ಪಾದ್ರೆ?"

"ತಪ್ಪಾದ್ರೆ ನೂರು ಸಲ ತಗೋ."