ಎಡಕ್ಕೆ ನಿಂತ ಹೆಣ್ಣು ಬಾತು

ಆ ಭಾನುವಾರ ಮಧ್ಯಾಹ್ನ ನಾನೂ ಭಾನಕ್ಕನೂ ಬ್ಲಾಂಚರ್ಡ್ಸ್‌ಟೌನಿನ ನಮ್ಮ ಬಾಡಿಗೆ ಮನೆಯಲ್ಲಿ ಅನ್ನ ಸಾರು ಉಂಡು, ಇನ್ನು ಯಾರು ಕರೆದರೂ ಏಳಬಾರದೆಂದು ಸೋಫಾದ ಮೇಲೆ ಬಿದ್ದುಕೊಂಡಿದ್ದೆವು. ಭಾನಕ್ಕ, ಎಂದರೆ ಭಾನುಮತಿ, ಆಸ್ಪತ್ರೆಯಲ್ಲಿ ಎಕ್ಸ್-ರೇ ಓದುವ ಡಾಕ್ಟರು. ಕಳೆದುಹೋದ ಒಡವೆಯಿಂದ ಹಿಡಿದು ಮೋಸದ ಬಾಡಿಗೆ ಕರಾರಿನವರೆಗೆ ಇಲ್ಲಿನ ಕನ್ನಡಿಗರ ಎಷ್ಟೋ ಸಿಕ್ಕು ಬಿಡಿಸಿದವರು. ಅವರನ್ನು ಕಾರಿನಲ್ಲಿ ಹೊತ್ತು ತಿರುಗುವುದು ಅರ್ಪಿತಾ ಎಂಬ ನನ್ನ ಕರ್ಮ. ಹೊಟ್ಟೆಪಾಡಿಗೆ ಲೆಪರ್ಡ್ಸ್‌ಟೌನಿನ ಕಚೇರಿಯೊಂದರಲ್ಲಿ ಕೋಡ್ ಬರೆಯುತ್ತೇನೆ.

ಫೋನ್ ಮಾಡಿದವನು ತಿಮ್ಮಯ್ಯ. "ಭಾನಕ್ಕ, ಒಂದ್ಸಲ ಮನೆಗೆ ಬರ್ತೀರಾ? ನಾನು ಹಂಸ ಹೊಡ್ದಿದೀನಿ ಅಂತಿದಾರೆ."

ತಿಮ್ಮಯ್ಯ ಕೊಡಗಿನವನು, ತುರ್ತು ವಿಭಾಗದ ಡಾಕ್ಟರು. ಲೈಸೆನ್ಸ್ ಇರುವ ಬಂದೂಕು ಇಟ್ಟುಕೊಂಡು, ಚಳಿಗಾಲದಲ್ಲಿ ಮ್ಯಾಲಕಿ ಎಂಬ ಮುದುಕ ರೈತನ ನೀರು ನಿಂತ ಹುಲ್ಲುಗಾವಲಿಗೆ ಬಾತು ಬೇಟೆಗೆ ಹೋಗುತ್ತಿದ್ದ. ಹಾರುವ ಕಾಡುಬಾತುಗಳು ನಂಬಿ ಇಳಿಯಲೆಂದು ಅಲ್ಲಿ ಪ್ಲಾಸ್ಟಿಕ್ ಬಾತುಗಳನ್ನು ಕಡ್ಡಿ ಚುಚ್ಚಿ ನಿಲ್ಲಿಸುತ್ತಾರೆ. ನಾವು ಅವನ್ನು ಬಾತುಬೊಂಬೆ ಎನ್ನುತ್ತಿದ್ದೆವು.

ಆಡಮ್ಸ್‌ಟೌನಿನ ಅವನ ಮನೆ ತಲುಪಿದಾಗ ಮ್ಯಾಲಕಿ ಕೆಸರಿನ ಬೂಟು ಹಾಕಿಕೊಂಡೇ ಅಡುಗೆಮನೆಯ ಮೇಜಿಗೆ ಕೂತಿದ್ದ. ತಿಮ್ಮಯ್ಯನ ಹೆಂಡತಿ ಗೀತಾ ಟೀ ಸೋಸುತ್ತಿದ್ದಳು. ಮೈಸೂರಿನ ಹುಡುಗಿ, ಮನೆ ಓರಣವಾಗಿಡುವುದರಲ್ಲಿ ಎತ್ತಿದ ಕೈ. ಆದರೆ ದಸರೆಯ ಪಟ್ಟದ ಬೊಂಬೆಗಳು ಇನ್ನೂ ಹಾಲಿನ ಕಪಾಟಿನ ಮೇಲೆಯೇ ನಿಂತು ಧೂಳು ತಿನ್ನುತ್ತಿದ್ದವು. ರಾಜನ ಎಡಕ್ಕೆ ರಾಣಿ. ಈ ವರ್ಷ ಕಟ್ಟಿಡುವ ಉತ್ಸಾಹ ಅವಳಿಗಿರಲಿಲ್ಲವೇನೋ ಅಂದುಕೊಂಡೆ.

"ಭಾನುವಾರ ನನ್ನ ಹೊಲದಲ್ಲಿ ಬೇಟೆ ಇಲ್ಲ, ಅದು ಇವನಿಗೆ ಗೊತ್ತು," ಎಂದ ಮ್ಯಾಲಕಿ. ಅವನ ಇಂಗ್ಲಿಷಿನಲ್ಲಿ ನನಗೆ ಅರ್ಥವಾದಷ್ಟನ್ನು ಬರೆಯುತ್ತಿದ್ದೇನೆ. "ಚರ್ಚಿನಿಂದ ಬಂದು ನೋಡಿದರೆ ಇವನ ಬೊಂಬೆಗಳು, ನಡುವೆ ಸತ್ತ ಹಂಸ. ಹಂಸ ಹೊಡೆಯೋದು ಅಪರಾಧ. ಈ ಸೀಸನ್ನಿನಲ್ಲಿ ಇವನ ಬಂದೂಕಿನ ಒಂದು ಸದ್ದೂ ಕೇಳಿರಲಿಲ್ಲ. ಒಳ್ಳೆಯ ಮನುಷ್ಯ ಅಂತ ಮೊದಲು ಇಲ್ಲಿಗೆ ಬಂದೆ. ಸಂಜೆಯೊಳಗೆ ಸರಿಯಾದ ಉತ್ತರ ಸಿಗದಿದ್ದರೆ ಗಾರ್ಡಾಗೆ ಹೇಳ್ತೇನೆ."

ಗಾರ್ಡಾ ಎಂದರೆ ಇಲ್ಲಿನ ಪೊಲೀಸು. ಕೇಸಾದರೆ ಬಂದೂಕಿನ ಲೈಸೆನ್ಸ್ ಹೋಗುವುದು ಖಂಡಿತ. ತಿಮ್ಮಯ್ಯ ಹಾಕಿದ್ದ ಪೌರತ್ವದ ಅರ್ಜಿಗೂ ಕಲ್ಲು ಬೀಳುತ್ತಿತ್ತು.

"ನಾನು ರಾತ್ರಿ ಡ್ಯೂಟಿ ಮುಗಿಸ್ಕೊಂಡು ಬಂದು ಮಲಗಿದ್ದೆ," ಎಂದ ತಿಮ್ಮಯ್ಯ. ತನ್ನ ಕಥೆಯನ್ನು ತಾನೇ ನಂಬದವನಂತೆ ದನಿ ಸೋತಿತ್ತು.

"ಹೌದಾ ಗೀತಾ?" ಎಂದರು ಭಾನಕ್ಕ.

"ನಂಗೊತ್ತಿಲ್ಲ. ನಾನು ಕೆಳಗಡೆ ಇದ್ದೆ," ಎಂದಳು ಗೀತಾ, ಸೋಸುವುದನ್ನು ನಿಲ್ಲಿಸದೆ.

ಕಟ್ಟಿಕೊಂಡವಳು ಇಷ್ಟೂ ಆಸರೆ ಕೊಡಬಾರದೇ ಎಂದು ನನಗೆ ಸಿಟ್ಟು ಬಂತು.

ಪಕ್ಕದ ಮನೆಯ ಸಿದ್ದಲಿಂಗಯ್ಯ ಗಲಾಟೆ ಕೇಳಿ ಒಳಗೆ ಬಂದಿದ್ದರು. ಹಾವೇರಿಯವರು, ಬೇಟೆಯೆಂದರೆ ಕೆಂಡ ಕಾರುವವರು. ತಿಮ್ಮಯ್ಯನ ಬಾತುಬೊಂಬೆಗಳಿರುವ ಶೆಡ್ಡಿನ ಇನ್ನೊಂದು ಕೀಲಿ ಇರುವುದು ಅವರ ಬಳಿ. "ಆ ಬಂದೂಕು ಹೋದ್ರ ನಾ ಪೇಢಾ ಹಂಚ್ತೀನ್ರಿ," ಎಂದರು ಮುಚ್ಚುಮರೆಯಿಲ್ಲದೆ. "ಆದ್ರ ನಾ ಏನೂ ಮಾಡಿಲ್ಲ. ಕಾರ್ ಹೊಡಿಲಿಕ್ಕ ಬರಂಗಿಲ್ಲ ನನಗ. ಮುಂಜಾನೆ ಇವರ ಕಾರು ಮಾತ್ರ ಇರಲಿಲ್ಲ ನೋಡ್ರಿ."

ತಿಮ್ಮಯ್ಯ ತಲೆ ತಗ್ಗಿಸಿದ. ಅವನ ಕತೆ ಮುಗಿಯಿತು ಎಂದುಕೊಂಡೆ.

ಭಾನಕ್ಕ ಹೊರಗೆ ಹೋಗಿ ಮ್ಯಾಲಕಿಯ ಜೀಪಿನ ಹಿಂಭಾಗದಲ್ಲಿದ್ದ ಹಂಸವನ್ನು ನೋಡಿದರು. ಗರಿಗಳನ್ನು ಬಿಡಿಸಿ ಬಿಡಿಸಿ ತಡಕಿದರು. ಒಂದು ರೆಕ್ಕೆಯ ಅಂಚು ಕಪ್ಪಗೆ ಸುಟ್ಟಿತ್ತು. ಆಮೇಲೆ ಮ್ಯಾಲಕಿ ತೆಗೆದಿದ್ದ ಫೋಟೋ ಕೇಳಿದರು. ಹಸಿರು ತಲೆಯ ಗಂಡು, ಕಂದು ಬಣ್ಣದ ಹೆಣ್ಣು, ಜೋಡಿ ಜೋಡಿಯಾಗಿ ಸಾಲಿನಲ್ಲಿ ನಿಂತು ಎಲ್ಲವೂ ದಡದ ಕಡೆಗೇ ಮುಖ ಮಾಡಿದ್ದವು.

"ಸಾಮೂಹಿಕ ಮದುವೆ ಫೋಟೋ ಇದ್ದಂಗಿದೆ," ಎಂದೆ ನಾನು.

ಭಾನಕ್ಕ ನನ್ನನ್ನೇ ದಿಟ್ಟಿಸಿದರು. ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು.

"ಈ ಹಂಸಕ್ಕೆ ಗುಂಡು ತಗುಲಿಲ್ಲ," ಎಂದು ಮ್ಯಾಲಕಿಗೂ ತಿಳಿಯುವಂತೆ ಇಂಗ್ಲಿಷ್ ಬೆರೆಸಿ ಶುರುಮಾಡಿದರು. "ಮೈಯಲ್ಲಿ ಒಂದು ತೂತೂ ಇಲ್ಲ. ಹೊಲದ ಮೇಲೆ ಕರೆಂಟಿನ ತಂತಿ ಹಾದು ಹೋಗಿದ್ಯಾ?"

"ಹೋಗಿದೆ," ಎಂದ ಮ್ಯಾಲಕಿ.

"ತಂತಿಗೆ ಬಡಿದು ಸತ್ತಿರೋದು. ಯಾರೋ ಎಳ್ಕೊಂಡು ಬಂದು ಬೊಂಬೆ ನಡುವೆ ಹಾಕಿದಾರೆ. ತಿಮ್ಮಯ್ಯ, ನೀನು ಬೊಂಬೆ ಹೇಗೆ ನಿಲ್ಲಿಸ್ತೀಯ?"

"ಗಾಳಿ ನೋಡಿ. ಬಾತು ಇಳಿಯೋದು, ಕೂರೋದು ಗಾಳಿಗೆ ಎದುರಾಗಿ. ಬೊಂಬೆ ಮುಖಾನೂ ಹಾಗೇ ಇರ್ಬೇಕು. ಗುಂಪುಗುಂಪಾಗಿ, ನಡುವೆ ಇಳಿಯೋಕೆ ಜಾಗ ಬಿಟ್ಟು."

ಮ್ಯಾಲಕಿ ಫೋಟೋವನ್ನು ಮತ್ತೆ ನೋಡಿ ಹುಬ್ಬು ಗಂಟಿಕ್ಕಿದ. "ಇದರಲ್ಲಿ ಜಾಗವೇ ಇಲ್ಲ. ಎಲ್ಲಾ ಗಾಳಿಗೆ ಬೆನ್ನು ಹಾಕಿವೆ."

"ಬೇಟೆ ಗೊತ್ತಿಲ್ಲದವರು ನಿಲ್ಲಿಸಿದ್ದು. ಆದ್ರೆ ಕಾಟಾಚಾರಕ್ಕಲ್ಲ, ತುಂಬಾ ಒಪ್ಪವಾಗಿ ನಿಲ್ಲಿಸಿದಾರೆ. ನೋಡೋರ ಕಡೆ ಮುಖ. ಪ್ರತಿ ಗಂಡಿನ ಎಡಕ್ಕೇ ಹೆಣ್ಣು, ಒಂದು ಜೋಡೀನೂ ತಪ್ಪಿಲ್ಲ. ಚಿಕ್ಕಂದಿನಿಂದ ದಸರೆಗೆ ಬೊಂಬೆ ಕೂರಿಸಿದ ಕೈ ಇದು. ಸಿದ್ದಲಿಂಗಯ್ಯನೋರೆ, ನಿಮ್ಮನೇಲಿ ಬೊಂಬೆ ಕೂರಿಸ್ತೀರಾ?"

"ನಮ್ಮ ಕಡೆ ಆ ಪದ್ಧತಿ ಇಲ್ರಿ."

"ತಿಮ್ಮಯ್ಯ ನಿದ್ದೆ ಮಾಡ್ತಿದ್ದ, ಸಿದ್ದಲಿಂಗಯ್ಯನೋರಿಗೆ ಕಾರು ಬರಲ್ಲ. ಮತ್ತೆ ಕಾರು ತಗೊಂಡು ಹೋಗಿದ್ದು ಯಾರು?"

ಗೀತಾ ಸ್ವೆಟರಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಭಾನುವಾರ ಬೊಂಬೆ ಇಟ್ರೆ ಮ್ಯಾಲಕಿ ಬಯ್ದು ಇನ್ಮುಂದೆ ಬರ್ಬೇಡ ಅಂತಾರೆ, ಅಷ್ಟೇ ಅಂದ್ಕೊಂಡಿದ್ದೆ," ಎಂದಳು ಕೊನೆಗೆ. "ಹಂಸ ತಂತಿ ಕೆಳಗೆ ಬಿದ್ದಿತ್ತು. ಅದನ್ನೂ ಇಟ್ರೆ ಗಾರ್ಡಾ ಬಂದು ಬಂದೂಕೇ ತಗೊಂಡು ಹೋಗ್ತಾರೆ ಅನ್ನಿಸ್ತು. ನಂಗೆ ಬೇರೆ ದಾರಿ ಗೊತ್ತಾಗ್ಲಿಲ್ಲ ಅಕ್ಕ. ಯಾರಿಗಾದ್ರೂ ಹೇಳಿದ್ರೆ ಇವ್ರ ಕೆಲ್ಸ ಹೋಗ್ಬಿಡತ್ತೆ ಅಂತ ಭಯ."

"ಏನು ಹೇಳಿದ್ರೆ?" ಎಂದೆ. ದಡ್ಡಿ ನಾನು.

"ಸೀಸನ್ ಪೂರ್ತಿ ಬೇಟೆಗೆ ಅಂತ ಹೋದವನು ಒಂದು ಸಲಾನೂ ಗುಂಡು ಹಾರಿಸಿಲ್ಲ, ಅರ್ಪಿತಾ," ಎಂದರು ಭಾನಕ್ಕ ಮೆಲ್ಲಗೆ. "ಯಾಕೆ ಹೋಗ್ತಿದ್ದೆ, ತಿಮ್ಮಯ್ಯ?"

ಅವನು ಅಂಗೈಯಿಂದ ಮುಖ ಒರೆಸಿಕೊಂಡ. ಆ ಕಣ್ಣುಗಳ ದಣಿವು ಒಂದು ವಾರದ್ದಲ್ಲ, ಒಂದು ವರ್ಷದ್ದೂ ಅಲ್ಲ. ನಾವೆಲ್ಲ ದಿನವೂ ನೋಡಿ, ಡ್ಯೂಟಿ ಜಾಸ್ತಿ ಎಂದು ಸುಮ್ಮನಾಗಿದ್ದೆವು.

"ಬಾತಿಗಲ್ಲ ಅಕ್ಕ," ಎಂದ. "ವಾಪಸ್ ಬರಬಾರ್ದು ಅಂತಾನೇ ಹೋಗ್ತಿದ್ದೆ. ಆದ್ರೆ ಅಲ್ಲಿ ಹೋದ್ಮೇಲೆ ಬೊಂಬೆ ನಿಲ್ಲಿಸ್ತಿದ್ದೆ. ಗಾಳಿ ತಿರುಗೋದು, ಮತ್ತೆ ಎಲ್ಲಾ ಕಿತ್ತು ತಿರುಗಿಸ್ತಿದ್ದೆ. ಅಷ್ಟರಲ್ಲಿ ಬೆಳಕು ಹರೀತಿತ್ತು. ಸರಿ, ಇವತ್ತು ಬೇಡ ಅಂತ ಮನೆಗೆ ಬರ್ತಿದ್ದೆ."

ಗೀತಾ ಸದ್ದಿಲ್ಲದೆ ಅಳತೊಡಗಿದಳು. ಸಿದ್ದಲಿಂಗಯ್ಯ ಎದ್ದು ತಿಮ್ಮಯ್ಯನ ಕುರ್ಚಿಯ ಹಿಂದೆ ನಿಂತು ಅವನ ಭುಜದ ಮೇಲೆ ಕೈಯಿಟ್ಟರು.

ಗಂಡಹೆಂಡತಿ ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಭಾನಕ್ಕ ಮ್ಯಾಲಕಿಗೆ ಇಂಗ್ಲಿಷಿನಲ್ಲಿ ತಿಳಿಸಿದರು. ಮುದುಕ ಟೀ ಕಪ್ಪನ್ನು ಪಕ್ಕಕ್ಕೆ ಸರಿಸಿದ. "ಹಂಸವನ್ನು ನಾನೇ ಹೂಳ್ತೇನೆ. ಅದಕ್ಕೇನು, ಗ್ರ್ಯಾಂಡ್," ಎಂದು ಎದ್ದು ಹೋದ. ಎಲ್ಲಾ ಸರಿ ಎನ್ನಲು ಇಲ್ಲಿನವರು ಆಡುವ ಮಾತು ಗ್ರ್ಯಾಂಡ್.

"ಬಂದೂಕು ಗಾರ್ಡಾದವರೇ ಬಂದು ತಗೊಂಡು ಹೋಗ್ಲಿ, ನೀನೇ ಫೋನ್ ಮಾಡು," ಎಂದರು ಭಾನಕ್ಕ. "ಆಮೇಲೆ ಇವತ್ತೇ ಡಾಕ್ಟರ ಹತ್ರ. ಸಹಾಯ ಕೇಳಿದ್ದಕ್ಕೆ ಯಾರ ಕೆಲ್ಸಾನೂ ಹೋಗಲ್ಲ. ಹೋದ್ರೂ ಹೋಗ್ಲಿ."

ಅವನು ಫೋನ್ ಮಾಡಿದ. ಗಾರ್ಡಾ ಬಂದು ಬಂದೂಕು ಒಯ್ದ ಮೇಲೆ ನಾವೆಲ್ಲ ಅವರ ಕಾರಿನಲ್ಲೇ ಡಾಕ್ಟರ ಬಳಿಗೆ ಹೊರಟೆವು. ಕಾರಿನ ಕೀಲಿಗೆ ಕೈಚಾಚಿದ ತಿಮ್ಮಯ್ಯ ಅದನ್ನು ಹೆಂಡತಿಗೆ ಕೊಟ್ಟ.

"ನೀನೇ ಓಡ್ಸು ಗೀತಾ. ನಂಗೆ ಸಾಕಾಗಿದೆ," ಎಂದ.

ಬಡಾವಣೆಯ ಮೊದಲ ತಿರುವು ದಾಟುವ ಮೊದಲೇ ಅವನು ನಿದ್ದೆ ಹೋಗಿದ್ದ. ಗೀತಾ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದನ್ನು ಅವನ ಎದೆಯ ಮೇಲಿಟ್ಟುಕೊಂಡೇ ಓಡಿಸಿದಳು.