ಅದ್ ಬಂದ್ಮೇಲೆ

ರಾಜೀವ ಸತ್ತು ಎರಡು ವರ್ಷವಾದ ಮೇಲೆ ಒಂದು ದಿನ, ಅವನನ್ನು ಕೊಂದವನೇ ಬ್ರಹ್ಮಾವರ ಬಸ್‌ಸ್ಟ್ಯಾಂಡಿನ ಎದುರಿನ ಮೆಟ್ಟಿಲು ಹತ್ತಿ ಬಂದು ಶೇಖರನ ಕಂಪ್ಯೂಟರ್ ಅಂಗಡಿಯಲ್ಲಿ ಕುರ್ಚಿ ಎಳೆದುಕೊಂಡು ಕುಳಿತ. ಕೈಯಲ್ಲೊಂದು ಇಂಗ್ಲಿಷ್ ಮಾಸಿಕ, ಅದರ ಪುಟದ ಅಂಚುಗಳಲ್ಲೆಲ್ಲ ಪೆನ್ಸಿಲ್ ಗುರುತು.

"ಬಾವ, ಗೇಮ್ ಆಡೂಕೆ ಒಂದ್ ಕಂಪ್ಯೂಟರ್ ಬೇಕಿತ್ತ್. ರೆಡಿ ಸಿಕ್ಕುದಲ್ಲ. ಒಂದೊಂದೇ ಸಾಮಾನ್ ತಕಂಡ್ ನಾನೇ ಜೋಡ್ಸುದ್. ನೀವ್ ಹೇಳಿ ಕೊಟ್ರೆ ಸಾಕ್."

ರತನ್ ಶೇಖರನ ಹೆಂಡತಿ ವಿನಯಾಳ ಒಬ್ಬನೇ ತಮ್ಮ. ಹಂಗಾರಕಟ್ಟೆಯಲ್ಲಿ ಬೋಟು ಇಟ್ಟುಕೊಂಡಿದ್ದ ದುಗ್ಗಪ್ಪನವರ ಮಗ. ರಾಜೀವ ಶೇಖರನ ಒಬ್ಬನೇ ತಮ್ಮ. ಆ ಬೋಟಿನಲ್ಲೇ ಕೆಲಸಕ್ಕಿದ್ದ. ಹೀಗೆ ಎರಡು ಮನೆಗಳ ನಡುವೆ ಇಬ್ಬರು ತಮ್ಮಂದಿರಿದ್ದರು, ಈಗ ಒಬ್ಬನೇ ಉಳಿದಿದ್ದ. ಉಳಿದವನು ಗೇಮ್ ಎಂಬ ಮಾತನ್ನು ಇವನ ಮುಖ ನೋಡಿಕೊಂಡೇ ಹೇಳಿದ್ದ. ಅವನಿಗೆ ಅದರಲ್ಲೇನೂ ಅನ್ನಿಸಿದ ಹಾಗೆ ಕಾಣಲಿಲ್ಲ.

ನಡೆದದ್ದು ಇಷ್ಟು. ಬೋಟನ್ನು ಮುಂದೆ ತಳ್ಳುವ ನೀರಿನಡಿಯ ಫ್ಯಾನಿಗೆ ಬಲೆ ಸುತ್ತಿಕೊಂಡಿತ್ತು. ಚೂರಿ ಕಚ್ಚಿಕೊಂಡು ರಾಜೀವ ನೀರಿಗಿಳಿದ. ಚುಕ್ಕಾಣಿ ಹಿಡಿದಿದ್ದ ರತನ್ ಎರಡೂ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಮೊಬೈಲಿನಲ್ಲಿ ರೇಸ್ ಕಾರು ಓಡಿಸುತ್ತಿದ್ದ. ಬಲೆ ಬಿಟ್ಟಿತೆಂದು ಅವನಾಗಿಯೇ ಲೆಕ್ಕ ಹಾಕಿ ಎಂಜಿನ್ ಚಾಲು ಮಾಡಿದ. ಜೊತೆಯಲ್ಲಿದ್ದ ಐತ ಮೂರು ಸಲ ಕೂಗಿದ್ದು ಅವನಿಗೆ ಕೇಳಲೇ ಇಲ್ಲ. ಐತ ಇದನ್ನು ಶೇಖರನ ಎದುರು ಒಂದೇ ಒಂದು ಸಲ ಅತ್ತುಕೊಂಡು ಹೇಳಿ, ಮಾರನೆಯ ವಾರವೇ ರತ್ನಾಗಿರಿ ಕಡೆಯ ಬೋಟಿಗೆ ಹೋಗಿಬಿಟ್ಟ. ಪೊಲೀಸರ ಕಾಗದದಲ್ಲಿ ಮಾತ್ರ, ರಾಜೀವ ಯಾರಿಗೂ ಹೇಳದೆ ಕೇಳದೆ ನೀರಿಗಿಳಿದಿದ್ದ ಎಂದಾಯಿತು. ಆ ಕಾಗದಕ್ಕೆ ಶೇಖರನೂ ಸಹಿ ಹಾಕಿದ್ದ.

"ನಂಗಿಪ್ಪುದ್ ಒಬ್ನೇ ತಮ್ಮ" ಎಂದು ವಿನಯಾ ಆ ದಿನ ಅವನ ಕಾಲು ಹಿಡಿದಿದ್ದಳು. "ಅವ ಒಳಗ್ ಹೋದ್ರೆ ಅಪ್ಪಯ್ಯ ಉಳೂದಿಲ್ಲ."

ನನಗೂ ಇದ್ದದ್ದು ಒಬ್ಬನೇ ಎಂದು ಅವನು ಹೇಳಬೇಕಿತ್ತು. ಸಹಿ ಹಾಕಿ ಬಂದ. ಆ ನುಂಗಿದ ಮಾತು ಎರಡು ವರ್ಷದಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು. ಎಷ್ಟು ಅನ್ನ ಉಂಡರೂ ಇಳಿದಿರಲಿಲ್ಲ.

"ಅಡ್ಡಿಲ್ಲ" ಎಂದ ಶೇಖರ. "ಪಟ್ಟಿ ಮಾಡುವ."

ಪಟ್ಟಿ ಮಾಡಲು ಮೂರು ವಾರ ಹಿಡಿಯಿತು. ಅದು ಎರಡು ಸಾವಿರದ ಹತ್ತನೆಯ ಇಸವಿ. ಇಂಥ ಸಾಮಾನೆಲ್ಲ ಮಂಗಳೂರಿನಿಂದಲೋ ಕುಂದಾಪುರದ ನಾಗುವಿನ ಅಂಗಡಿಯಿಂದಲೋ ಬಸ್ಸಿನ ಡ್ರೈವರ್ ಸೀಟಿನ ಪಕ್ಕ ಕೂತು ಬರಬೇಕಿತ್ತು. ರತನ್ ದಿನ ಬಿಟ್ಟು ದಿನ ಬರುತ್ತಿದ್ದ. ಪ್ರೊಸೆಸರ್ ದೊಡ್ಡದಿರಬೇಕೋ, ಗ್ರಾಫಿಕ್ಸ್ ಕಾರ್ಡೋ ಎಂಬ ತಕರಾರೇ ಒಂದು ವಾರ ನಡೆಯಿತು. ಗೇಮ್ ಓಡಿಸುವುದು ಕಾರ್ಡು, ಪ್ರೊಸೆಸರ್ ಮಧ್ಯಮದ್ದು ಸಾಕು ಎಂದು ಶೇಖರ ತಾಳ್ಮೆಯಿಂದ ಬಿಡಿಸಿ ಹೇಳಿದ. ರ‍್ಯಾಮ್ ಎರಡು ಜಿಬಿ ಸಾಲದು, ನಾಲ್ಕಿರಲಿ ಎಂದ. ಕಾರ್ಡು ಉದ್ದವಿದೆ, ಕ್ಯಾಬಿನೆಟ್ಟಿನೊಳಗೆ ಹಿಡಿಸುತ್ತದೋ ಇಲ್ಲವೋ ಎಂದು ಸ್ಕೇಲ್ ಇಟ್ಟು ಅಳೆದ. ಒಂದು ಸಲಹೆಯೂ ಸುಳ್ಳಿರಲಿಲ್ಲ. ಹನ್ನೆರಡು ವರ್ಷದ ದಂಧೆಯಲ್ಲಿ ಅವನು ಯಾರಿಗೂ ಇಷ್ಟು ಪ್ರಾಮಾಣಿಕವಾಗಿ ಕಂಪ್ಯೂಟರ್ ಆರಿಸಿಕೊಟ್ಟಿರಲಿಲ್ಲ. ಸಾಯುವವನಿಗೆ ಒಳ್ಳೆಯ ಸಾಮಾನು ಕೊಡುವುದರಲ್ಲಿ ಅವನಿಗೊಂದು ವಿಚಿತ್ರ ಸಮಾಧಾನವಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಎರಡೇ ಎರಡು ವಿಷಯದಲ್ಲಿ ಅವನು ಹಟ ಹಿಡಿದ. ರತನ್ ಮೆಚ್ಚಿದ್ದ ಕ್ಯಾಬಿನೆಟ್ಟಿನ ಮುಂಭಾಗ ಪ್ಲಾಸ್ಟಿಕ್ಕಿನದು. ಅದು ಬೇಡ, ಬಿಸಿ ಹೊರಗೆ ಹೋಗುವುದಿಲ್ಲ, ಪೂರ್ತಿ ಕಬ್ಬಿಣದ್ದೇ ತಗೋ ಎಂದ. ಎರಡನೆಯದು, ಪೆಟ್ಟಿಗೆಗೆಲ್ಲ ಕರೆಂಟು ಹಂಚುವ ಎಸ್‌ಎಂಪಿಎಸ್. ಅದನ್ನು ತಾನೇ ತರಿಸಿ ಕೊಡುತ್ತೇನೆ ಎಂದ.

"ಬಾವ ಹೇಳ್ರೆ ಮುಗೀತ್" ಎಂದು ರತನ್ ಪಟ್ಟಿಗೆ ಟಿಕ್ ಹಾಕಿದ. ಎದ್ದು ಹೋಗುವಾಗ ತಿರುಗಿ ಕೇಳಿದ, "ಧನ್ಯ ಹೇಂಗಿತ್ತ್ ಬಾವ? ಹಾಸ್ಟೆಲ್ ಊಟ ಸೇರುದಿಲ್ಲ ಅಂದಿತ್ತ್ ಮೊನ್ನೆ."

"ಇತ್ತ್, ಅಡ್ಡಿಲ್ಲ" ಎಂದ ಶೇಖರ.

ಧನ್ಯಶ್ರೀ ಅವನ ಮಗಳು. ಕುಂದಾಪುರದಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಸಣ್ಣವಳಿರುವಾಗ ಮಾವನ ಹೆಗಲೇ ಅವಳಿಗೆ ಗಾಡಿ. ಅವನ ಮನೆಗೆ ಹೋಗಬೇಡ ಎಂದು ಅಪ್ಪ ಹೇಗೆ ಹೇಳುವುದು? ಯಾಕೆ ಎಂದು ಕೇಳಿದರೆ ನಿಜ ಹೇಳುವ ಹಾಗಿರಲಿಲ್ಲ, ಸಹಿ ಹಾಕಿ ಆಗಿತ್ತಲ್ಲ. ಚಿಕ್ಕಪ್ಪನ ಫೋಟೊ ಗೋಡೆಯ ಮೇಲೆ, ಅವನನ್ನು ಕೊಂದವನ ಮನೆಯಲ್ಲಿ ಮಗಳು. ಇದನ್ನು ನೋಡಿಕೊಂಡೇ ಅವನು ಎರಡು ವರ್ಷ ಉಸಿರಾಡಿದ್ದ.

ಯೋಜನೆಯಲ್ಲಿ ಬಿರುಕು ಹುಡುಕಲು ಶೇಖರ ಅದನ್ನು ಗಿರಾಕಿಯ ಮದರ್‌ಬೋರ್ಡಿನಂತೆ ದಿನವೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ದುಗ್ಗಪ್ಪನವರ ಮನೆ ಹಳೆಯದು, ಹೊಳೆಯ ಬಾಯಿಗೇ ಇದೆ. ಉಪ್ಪು ಗಾಳಿಗೆ ಮೊಳೆಯೂ ಉಳಿಯದ ಜಾಗ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ತುಕ್ಕು ಹಿಡಿದು ಸತ್ತು ಎಷ್ಟೋ ಕಾಲವಾಗಿದೆ, ಅದನ್ನು ಅವನೇ ಟೆಸ್ಟರ್ ಹಚ್ಚಿ ನೋಡಿ ಬಂದಿದ್ದಾನೆ. ಮನೆಯೊಳಗೆ ಚಪ್ಪಲಿ ಹಾಕುವವರಿಲ್ಲ. ಕಾವಿ ನೆಲ, ಎರಡು ಹೊತ್ತೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಎಸ್‌ಎಂಪಿಎಸ್ಸಿನ ಹೊಟ್ಟೆಯೊಳಗೆ ಅವನು ಏನು ಮಾಡಿದ ಎಂಬುದು ಅವನ ಎರಡು ಕೈಗಳಿಗೆ ಮಾತ್ರ ಗೊತ್ತು. ಹೊರಗಿನಿಂದ ಅದು ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೊಸ ಮಾಲು.

ಮುಂದಿನದಕ್ಕೂ ತಯಾರಿಯಿತ್ತು. "ಮನೆಗೆ ಅರ್ತಿಂಗ್ ಮಾಡ್ಸ್ ಮಾರಾಯ, ಇಲ್ದಿರೆ ಹೊಸ ಸಾಮಾನ್ ಹಾಳಾತ್ತ್" ಎಂದು ಅವನು ನಾಲ್ಕು ಜನರ ಎದುರು, ಅದೂ ಎರಡೆರಡು ಸಲ ಹೇಳಿದ್ದ. ಬಿಲ್ಲಿನ ಕೆಳಗೂ ಅದನ್ನೇ ಬರೆದಿದ್ದ. ರತನ್ ನಾಳೆ ನಾಡಿದ್ದು ಎನ್ನುವ ಜಾತಿ, ಮಾಡಿಸುವವನಲ್ಲ. ಜೋಡಿಸಿದವನು ಅವನೇ, ಕಲಿಯದ ಕೈ ಎಲ್ಲೋ ತಪ್ಪಿತು ಎನ್ನುತ್ತಾರೆ. ಸುದ್ದಿ ಬಂದೊಡನೆ ಮೊದಲು ಓಡುವವನು ಬಾವನೇ. ಇಂಥ ಪೆಟ್ಟಿಗೆ ಬಿಚ್ಚಲು ಬರುವವನು ಆ ಊರಿನಲ್ಲಿ ಬೇರೆ ಯಾರೂ ಇಲ್ಲ. ಆ ಗದ್ದಲದಲ್ಲಿ ಒಂದು ಎಸ್‌ಎಂಪಿಎಸ್ ಹೋಗಿ ಇನ್ನೊಂದು ಕೂರುವುದಕ್ಕೆ ಹತ್ತು ನಿಮಿಷ ಸಾಕು.

ಬೇರೆಯವರು ಮುಟ್ಟಿದರೆ? ಅದನ್ನೂ ಕೇಳಿ ತಿಳಿದುಕೊಂಡಿದ್ದ. ರತನ್‌ನ ತಾಯಿ ತೀರಿಹೋಗಿ ಬಹಳ ವರ್ಷವಾಗಿತ್ತು. ದುಗ್ಗಪ್ಪನವರು ಬೆಳಗಾದರೆ ಬೋಟು ನಿಲ್ಲುವ ದಕ್ಕೆಗೆ ಹೋದವರು ಮಬ್ಬಾದ ಮೇಲೇ ಮನೆಗೆ. "ನನ್ ಕೋಣಿಗೆ ಯಾರೂ ಬಪ್ಪುಕಿಲ್ಲ ಬಾವ, ಅಪ್ಪಯ್ಯನೂ ಬಪ್ಪುಕಿಲ್ಲ" ಎಂದು ರತನ್ ನಕ್ಕಿದ್ದ. ನೆಲ ಒರೆಸುವ ಸೀತು ಆ ಹೊಸ ಪೆಟ್ಟಿಗೆಯ ಹತ್ತಿರ ಸುಳಿದರೂ ಬೈಯುತ್ತೇನೆ ಎಂದೂ ಹೇಳಿದ್ದ.

ಎಲ್ಲ ಸಾಮಾನು ಮಂಗಳವಾರ ಅಂಗಡಿಯಲ್ಲೇ ಒಮ್ಮೆ ಜೋಡಿಸಿ ಓಡಿಸಿ ನೋಡಿದರು. ನೀಲಿ ದೀಪ ಹತ್ತಿದಾಗ ರತನ್ ಕೈತಟ್ಟಿದ. ಬಿಚ್ಚಿ ಡಬ್ಬಗಳಲ್ಲಿ ತುಂಬುವಾಗ ಶೇಖರ ಎಸ್‌ಎಂಪಿಎಸ್ಸಿನ ಡಬ್ಬದಲ್ಲಿ ಮಾತ್ರ ಬೇರೆಯದನ್ನು ಇಟ್ಟ. ಕರೆಂಟು ಹೋದಾಗ ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸುವ ಯುಪಿಎಸ್ಸೊಂದು ಬಾಕಿ ಇತ್ತು, ನಾಗು ಶನಿವಾರದ ಬಸ್ಸಿನಲ್ಲಿ ಸೀದಾ ಹಂಗಾರಕಟ್ಟೆಗೇ ಕಳಿಸುತ್ತೇನೆ ಎಂದಿದ್ದ.

ಶುಕ್ರವಾರ ಸಂಜೆ ರತನ್ ಫೋನ್ ಮಾಡಿದ. ದನಿಯಲ್ಲೇ ಕುಣಿತವಿತ್ತು. "ಜೋಡ್ಸಿ ಆಯ್ತ್ ಬಾವ. ಒಂದ್ ಸ್ಕ್ರೂ ಸಮೇತ ಉಳೀಲಿಲ್ಲ."

"ಸ್ವಿಚ್ ಹಾಕ್ದ್ಯಾ?" ಎಂದು ಕೇಳಿದ ಶೇಖರ.

"ಇಲ್ಲ, ಇವತ್ ಹಾಕುದಿಲ್ಲ. ನಾಳೆ ಅದ್ ಬತ್ತ್ ಅಲ್ದಾ, ಅದ್ ಬಂದ್ಮೇಲೇ ಸ್ವಿಚ್ ಹಾಕುದ್."

"ಅದೇ ಒಳ್ಳೇದ್" ಎಂದ ಶೇಖರ. ಎಂದಿಗೂ ತಾಳ್ಮೆಯಿಲ್ಲದವನು ಒಂದು ಯುಪಿಎಸ್ಸಿಗಾಗಿ ಒಂದು ರಾತ್ರಿ ಕಾಯುತ್ತಿದ್ದಾನೆ, ಅದಿಲ್ಲದೆ ಓಡಿಸಬೇಡ ಎಂದು ತಾನು ಹೇಳಿಕೊಟ್ಟ ಪಾಠ ಇಷ್ಟಾದರೂ ತಲೆಗೆ ಹತ್ತಿತಲ್ಲ ಎಂದುಕೊಂಡ. ಶನಿವಾರವಾದರೆ ಅವನಿಗೂ ಅನುಕೂಲವೇ. ಬೈಂದೂರಿನಲ್ಲಿ ಮುತ್ತು ನಡೆಸುವ ಟೈಪಿಂಗ್ ಕ್ಲಾಸಿನ ಆರು ಕಂಪ್ಯೂಟರ್ ರಿಪೇರಿಗೆ ಬರುತ್ತೇನೆಂದು ಒಪ್ಪಿಕೊಂಡಿದ್ದ. ಇಡೀ ದಿನ ಹತ್ತಾರು ಜನರ ಕಣ್ಣೆದುರು, ಹಂಗಾರಕಟ್ಟೆಯಿಂದ ಅಷ್ಟು ದೂರ.

ಶನಿವಾರ ಮಧ್ಯಾಹ್ನದವರೆಗೆ ಅವನು ಮುತ್ತುವಿನ ಕ್ಲಾಸಿನಲ್ಲಿ ಕೆಲಸ ಮಾಡಿದ. ಎರಡು ಗಂಟೆಗೆ ಕರೆಂಟು ಹೋಯಿತು. ಆ ತಿಂಗಳು ಇಡೀ ಸೀಮೆಗೆ ಎರಡರಿಂದ ನಾಲ್ಕು ಲೋಡ್ ಶೆಡ್ಡಿಂಗ್. ಇನ್ನು ಕೂತು ಮಾಡುವುದೇನಿಲ್ಲವೆಂದು ಬಸ್ಸು ಹತ್ತಿ ಕುಂದಾಪುರದಲ್ಲಿಳಿದ. ಒಂದು ಫೋನೂ ಬಂದಿರಲಿಲ್ಲ. ಯುಪಿಎಸ್ಸು ಯಾವ ಬಸ್ಸಿಗೆ ಹೋಯಿತೆಂದು ತಿಳಿದರೆ ಹೊತ್ತಿನ ಅಂದಾಜು ಸಿಗುತ್ತದೆ ಎಂದು, ದಾರಿಯಲ್ಲಿ ಹೋಗುತ್ತಿದ್ದವನಂತೆ ನಾಗುವಿನ ಅಂಗಡಿ ಹೊಕ್ಕ. ಕತ್ತಲೆ ಅಂಗಡಿಯಲ್ಲಿ ನಾಗು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ.

"ಯುಪಿಎಸ್ಸಾ? ಅಲ್ಲೇ ಇತ್ತಲೆ ಕಾಣಿ" ಎಂದ ನಾಗು, ಕಪಾಟಿನ ಮೇಲಿನ ಡಬ್ಬ ತೋರಿಸಿ. "ನಿಮ್ ಬಾಮೈದ ಬುಧವಾರವೇ ಬಂದ್ ಬ್ಯಾಡ ಅಂದ್ರ್. ಅದ್ರ ಬದ್ಲ್ ರೇಸ್ ಗೇಮಿಂದ್ ಒಂದ್ ಸ್ಟೇರಿಂಗ್ ತಕಂಡ್ ಹೋದ್ರ್. ನಿಮ್ಗೆ ಹೇಳ್ಲಿಲ್ಯಾ?"

ಬುಧವಾರ. ರತನ್ ಫೋನ್ ಮಾಡಿದ್ದು ಶುಕ್ರವಾರ. ಬೇಡವೆಂದು ಬಿಟ್ಟು ಬಂದ ಯುಪಿಎಸ್ಸನ್ನು ಎರಡು ದಿನ ಕಳೆದ ಮೇಲೆ ನಾಳೆ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ. ಹಾಗಾದರೆ ನಾಳೆ ಅದ್ ಬತ್ತ್ ಎಂದು ಅವನು ಹೇಳಿದ ಆ ಅದ್ ಯಾವುದು? ಶೇಖರ ಡಬ್ಬದ ಮೇಲೆ ಬರೆದು ಹೊಡೆದು ಹಾಕಿದ ರತನ್‌ನ ಹೆಸರನ್ನು ನೋಡುತ್ತ ನಿಂತ. ಮನೆಯ ಹೆಣ್ಣುಮಕ್ಕಳನ್ನು ಅವಳು ಎಂದು ಕರೆಯುವುದು ಈ ಕಡೆಯವರ ಬಾಯಿಗೆ ಬರುವ ಮಾತಲ್ಲ. ಅದ್ ಉಂಡಿತಾ, ಅದ್ ಮಲಗಿತಾ, ಅದ್ಕೆ ಪರೀಕ್ಷೆ ಯಾವಾಗ ಎಂದು ಅವನೂ ವಿನಯಾಳೂ ಹದಿನೇಳು ವರ್ಷದಿಂದ ಮಗಳ ವಿಷಯ ಮಾತಾಡುತ್ತ ಬಂದದ್ದು ಹಾಗೆಯೇ. ಈ ಶನಿವಾರ ಸ್ಪೆಷಲ್ ಕ್ಲಾಸಿದೆ, ಮನೆಗೆ ಬರುವುದಿಲ್ಲ ಎಂದು ಅವಳು ಅಮ್ಮನಿಗೆ ಹೇಳಿದ್ದಳು. ಮಾವನ ಮನೆಗೆ ಹೋಗುವುದಿಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನ ಬಸ್ಸು ಹತ್ತಿದ್ದರೆ ಕರೆಂಟು ಹೋಗುವ ಹೊತ್ತಿಗೆ ಹಂಗಾರಕಟ್ಟೆ ಮುಟ್ಟಿರುತ್ತಾಳೆ, ಉಂಡು, ಬರಿಗಾಲಲ್ಲಿ, ಕರೆಂಟು ಬರುವುದನ್ನೇ ಕಾಯುತ್ತಿರುತ್ತಾಳೆ. ಅವನು ರತನ್‌ನ ನಂಬರ್ ಒತ್ತಿದ. ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದ. ನಾಗುವಿನ ಅಂಗಡಿಯ ಟ್ಯೂಬ್‌ಲೈಟು ಎರಡು ಸಲ ಮಿನುಗಿ ಹತ್ತಿಕೊಂಡಿತು. "ಇವತ್ ಸರಿ ನಾಲ್ಕ್ ಗಂಟಿಗೇ ಬಂತ್" ಎಂದು ನಾಗು ಪೇಪರು ಮಡಚಿಟ್ಟ.